ಮುಖಕ್ಕೊಂದು ಬ್ಲೇಡು

ವಾಸ್ಕೋದಾಗ ಡಿಸೆಂಬರ್ ಬಂತಂದ್ರ
ಯಾರ ಕೆಮ್ಮು ಯಾವುದರದು ಹೇಳಾಕ ಬರೂದಿಲ್ಲ.
ಬಂದರಿನ ಕಲ್ಲಿದ್ದಲ ಧೂಳು
ಕನ್ನಡಿ ಮ್ಯಾಲ ಮುಂಜಾನೆ ಒಮ್ಮೆ, ಸಂಜಿಗೆ ಒಮ್ಮೆ ಕೂಡತೈತಿ;
ಒರಸಿದ ಅರಿವಿ ಕರ್ರಗಾಗತೈತಿ.
ಹಿಂಗಾಗಿ ನಾನೂ ನನ್ನ ಕೆಮ್ಮನ್ನ
ಬಂದರಿನ ಲೆಕ್ಕಕ್ಕ ಬರದು ಬಿಟ್ಟಿದ್ದೆ.

ನನ್ನ ಕಸಬು ಹತ್ತಿರದ್ದು.
ಗೇಣು ದೂರದಾಗ ಮಂದಿ ಬಾಯಿ.
ಮೀಸಿ ತಿದ್ದುವಾಗ ಮೂಗು ಹಿಡಿದು ಎತ್ತತೀನಿ,
ಹಡಗಿನ ಮೇಸ್ತ್ರಿದಿರಲಿ, ಬ್ಯಾಂಕಿನ ಸಾಹೇಬರದಿರಲಿ,
ಹೆಂಡತಿ ಸುದ್ದಾ ಹಿಡಿಯದ ಮೂಗು.
ಅವರು ಕಣ್ಣು ಮುಚ್ಚಿರತಾರ.
ಅವರು ಬಿಟ್ಟ ಉಸಿರು ನಾನು, ನಾನು ಬಿಟ್ಟದ್ದು ಅವರು.
ಈ ಕೊಡುಕೊಳ್ಳಿಗೆ ರೇಟ್ ಬೋರ್ಡಿನಾಗ ಜಾಗ ಇಲ್ಲ.

ಹೋದ ವರ್ಷ ಕ್ರಿಸ್‌ಮಸ್ ಹಿಂದಿನ ವಾರ ಜ್ವರ ಬಂತು,
ಮೈಕೈ ಬಡಿಗಿಲೆ ಬಡದಂಗ.
"ಬಾಗಲಾ ಹಾಕ್ರಿ" ಅಂದ್ಲು ಕಸ್ತೂರೆವ್ವ.
ವರ್ಷದ ಗಳಿಕಿ ಆ ಆರು ದಿನದಾಗ ಐತಿ,
ಅಂಗಡಿ ಬಾಡಿಗಿ ಜ್ವರದ ಮಾತು ಕೇಳತೈತೇನು?
ಗುಳಿಗಿ ನುಂಗಿ ಕುರ್ಚಿ ಹಿಂದ ನಿಂತೆ.
ಎಪ್ಪತ್ತೆರಡು ತಲಿ, ನಲವತ್ತು ಗಡ್ಡ.
ಅದರಾಗ ಒಂದು ಕಾಯ್ತಾನ ಅಂಕಲ್‌ದು.

ಟಗ್ ಬೋಟಿನಾಗ ಮೂವತ್ತು ವರ್ಷ ಹಡಗು ಜಗ್ಗಿದ ಮನಿಷಾ,
ಈಗ ಮಾಂಗೋರ್ ಹಿಲ್ಲಿನ ಮೆಟ್ಟಿಲ ಹತ್ತಾಕ
ನಾಕು ಕಡೆ ಕೂಡಬೇಕು.
ಹೊಸ ವರ್ಷಕ್ಕ ಕುರ್ಚಿಗೆ ಬರಲಿಲ್ಲ.
ಚಿಖಲಿ ದವಾಖಾನ್ಯಾಗ ಒಂಬತ್ತು ದಿನ, ಮೂಗಿಗೆ ನಳಿಗಿ.
ಆ ಮೂಗು ನಾ ಹಿಡಿದದ್ದು.

ನನ್ನಿಂದಲೋ, ಕಲ್ಲಿದ್ದಲಿಂದಲೋ,
ಚರ್ಚಿನಾಗ ಪಕ್ಕಕ್ಕ ನಿಂತು ಹಾಡಿದ ಯಾವನಿಂದಲೋ.
ಡಾಕ್ಟರಿಗೂ ಗೊತ್ತಿಲ್ಲ.
ಕೇಳಾಕ ನಾನೂ ಹೋಗಲಿಲ್ಲ.

ಈ ಸಲ ದೀಪಾವಳಿ ಮುಗಿದ ಮ್ಯಾಲ
ಮೆಡಿಕಲ್ ಅಂಗಡಿ ರುಜಾರ್ ಅಂದ, "ಫ್ಲೂ ಸೂಜಿ ಬಂದೈತಿ,
ಹದಿನೆಂಟುನೂರು."
ನಾ ಎಲ್ಲಾ ಲೆಕ್ಕ ಗಡ್ಡದಾಗ ಮಾಡಾವ:
ಮೂವತ್ತು ಗಡ್ಡ.
"ಒಮ್ಮೆ ಹಾಕ್ಕೊಂಡ್ರ ಜಲ್ಮಕ್ಕ ಸಾಕೇನು?"
"ಇಲ್ಲ, ವರ್ಷಾ ವರ್ಷಾ. ಆ ರೋಗ ಮಾರಿ ಬದಲಿಸತೈತಿ."
ಅದೂ ಗಡ್ಡದಂಗ ಅನ್ನು.

"ಹಾಕ್ಕೊಂಡವರಿಗೂ ಬರತೈತಂತ" ಅಂತಾಳ ಕಸ್ತೂರೆವ್ವ.
"ಉಸ್ತಾದ್, ರಟ್ಟಿ ಬಾತರ ಕತ್ತರಿ ಯಾರು ಹಿಡಿಯೂದು?"
ಅಂತಾನ ಎರಡನೇ ಕುರ್ಚಿ ಇಮ್ತಿಯಾಜ್.
ಕರೋನಾದಾಗ ಎಲ್ಲಾರೂ ಪಾಳಿ ಹಚ್ಚಿದ್ರು, ನಾನೂ ಹಚ್ಚಿದೆ.
ಪಾಳಿಯಾಗ ವಿಚಾರ ಮಾಡೂ ಕೆಲಸಿಲ್ಲ,
ಮುಂದಿನವನ ಬೆನ್ನು ನೋಡಿದ್ರ ಸಾಕು.
ಈಗ ಮುಂದ ಯಾರ ಬೆನ್ನೂ ಇಲ್ಲ.

ಬೈನಾದಾಗ ಮದಲ ಅಂಗಡಿ ಹಾಕಿದಾಗ
ಮಂದಿಗೆ ಒಂದು ರೋಗದ ಅಂಜಿಕಿ ಇತ್ತು;
ಹೆಸರು ಹೇಳತಿರಲಿಲ್ಲ, ಬ್ಲೇಡು ನೋಡತಿದ್ರು.
ಅಂದಿನಿಂದ ಕಣ್ಣೆದುರಿಗೇ ಕಾಗದ ಹರದು,
ಟಕ್ ಅಂತ ಅರ್ಧಾ ಮುರದು ಹಾಕತೀನಿ.
ಮುಖಕ್ಕೊಂದು.
ಇಪ್ಪತ್ತಾರು ವರ್ಷಾತು, ಒಬ್ಬರಿಗೂ ತಪ್ಪಿಸಿಲ್ಲ.
ಉಸಿರು ಮಾತ್ರ ಎಲ್ಲಾರಿಗೂ ಅದ ಹಳೇದು.
ಅದನ್ನ ತೋರಸಂತ ಯಾರೂ ಕೇಳಿಲ್ಲ.

ಸೋಮವಾರ ಅಂಗಡಿ ರಜಾ. ತೋಳು ಮಡಚಿ ಕುಂತೆ.
"ಅಲುಗಾಡಬ್ಯಾಡ್ರಿ" ಅಂದ್ಲು ಸಿಸ್ಟರು.
ದಿನಾ ಇದನ್ನ ಹೇಳಿ ಹೇಳಿ ನಾಲಿಗಿ ಸವದಾವಗ
ಕೇಳಿಸಿಕೊಳ್ಳೂದು ಹೆಂಗಂತ ಗೊತ್ತಿರಲಿಲ್ಲ.
ಸಂಜಿಗೆ ರಟ್ಟಿ ಜಡಾ ಆತು.
ಕಸ್ತೂರೆವ್ವ ಏನೂ ಅನ್ನಲಿಲ್ಲ,
ಅನ್ನದಂಗ ನೋಡಿದ್ಲು, ಬಿಸಿ ಅರಿವಿ ತಂದ್ಲು.

"ಮೈಗೆ ಹತ್ತಾಕ ಹದಿನೈದು ದಿನ" ಅಂದಾನ ರುಜಾರ್.
ನಾಕು ದಿನಕ್ಕ ಕಾಯ್ತಾನ ಅಂಕಲ್ ಮಗಳ ಫೋನು:
ಗುರಪಾದ್, ಪಪ್ಪಾಗ ಇಳಿಯಾಕ ಆಗೂದಿಲ್ಲ,
ನೀವ ಮ್ಯಾಲ ಬರ್ರಿ, ಗಡ್ಡ ಎದಿಗೆ ಬಂದೈತಿ.
ಬರತೀನಿ ಬಾಯಿ.
ಇನ್ನ ಹನ್ನೊಂದು ದಿನ.
ಅಲ್ಲೀತನಕ ಬೆಳೀಲಿ ಬಿಡ್ರಿ ಅದು.
ಆ ಗಡ್ಡದ ಲೆಕ್ಕ ಬ್ಯಾರೆ ಐತಿ,
ಮೂವತ್ತರಾಗ ಹಿಡಿದಿಲ್ಲ.